ಹುಳ ಹಿಡಿಲಾಕ ಸ್ಪಿತಿಗೆ ಹೋಗಿದ್ದೆ

ಫೋನಿನ್ಯಾಗ ಹೇಳಿದಾಗ ನಮ್ಮವ್ವ ಎರಡು ಸಲ ಕೇಳಿದ್ಳು. ಏನ್ ಹಿಡಿಲಾಕ? ಹುಳ ಯವ್ವಾ, ಹುಳ. ಸ್ವಲ್ಪ ಹೊತ್ತು ಆ ಕಡಿಯಿಂದ ಸಪ್ಪಳೇ ಇಲ್ಲ. ಆಮ್ಯಾಲ ಅಂದ್ಳು, "ಅದಕ್ಯಾಕ ಹಿಮಾಲಯಕ್ಕ ಹೋಗ್ತಿ, ದೀಪಾವಳಿ ಆದ ಮ್ಯಾಲ ಹೊಲಕ್ಕ ಬಾ, ತೊಗರ್ಯಾಗ ಬೊಗಸಿ ತುಂಬ ಹಿಡಕೊಂಡು ಹೋಗು."

ಇದು ಹೆಂಗಾಯ್ತು ಅಂತ ಮೊದಲ ಹೇಳ್ತೀನಿ. ನಾನು ಕಲಬುರಗ್ಯಾಗ ಒಂದು ಡಿಗ್ರಿ ಕಾಲೇಜಿನ್ಯಾಗ ಝುವಾಲಜಿ ಗೆಸ್ಟ್ ಲೆಕ್ಚರರ್. ಗೆಸ್ಟ್ ಅಂದ್ರ ಗೊತ್ತಲ್ರಿ, ಸೆಮಿಸ್ಟರ್ ಮುಗೀತು ಅಂದ್ರ ಮುಂದಿನ ಆರ್ಡರ್ ಬರೋತನ ಮನ್ಯಾಗ ಕುಂತು ವಾಟ್ಸ್ಯಾಪ್ ನೋಡೋದು. ಹಂಗ ಕುಂತಾಗ ನಮ್ ಎಂಎಸ್ಸಿ ಸೀನಿಯರ್ ಅಕ್ಕನ ಫೋನ್ ಬಂತು. ಆಕಿ ಈಗ ಪಿಎಚ್‌ಡಿ ಮಾಡ್ಲಾಕತ್ತಾಳ, ಪರಾವಲಂಬಿ ಕಣಜದ ಮ್ಯಾಲ, ಅಂದ್ರ ಬ್ಯಾರೆ ಹುಳದ ಮೈಯಾಗ ತತ್ತಿ ಇಟ್ಟು, ಮರಿ ಆ ಹುಳಾನ ಒಳಗಿಂದ ತಿಂದು ಹೊರಗ ಬರ್ತಾವಲ್ಲ, ಅಂಥ ಸಣ್ಣ ಸಣ್ಣ ಕಣಜ. ಜುಲೈದಾಗ ಹಿಮಾಚಲದ ಸ್ಪಿತಿಗೆ ಆರು ಮಂದಿ ಹೊಂಟೀವಿ, ಅದ್ರಾಗ ಒಬ್ಬನ ಅಪ್ಪಗ ಆಪರೇಷನ್ ಅದ, ಅಂವ ಬರಲ್ಲ, ನೀ ಬರ್ತೀಯೇನು ಅಂದ್ಳು. ನಂಗೇನ್ ಬರ್ತದಕ್ಕ, ನಾ ಬರೇ ನೋಟ್ಸ್ ಬರಸಾಕಿ ಅಂದೆ. "ಅದಕ್ಕೇ ಕರೀಲಾಕತ್ತೀನಿ, ನಿನ್ ಅಕ್ಷರ ಮುತ್ತಿನಂಗ ಅವ, ಲೇಬಲ್ ಬರಿಯೋ ಕೆಲಸ ನಿಂದು" ಅಂದ್ಳು. ಈ ಮಾತು ನೆನಪಿಟ್ಕೋರಿ, ನನ್ ಮಾನ ಹೋಗಿದ್ದು ಅಲ್ಲೇ.

ತಯಾರಿ ಅಂದ್ರ ಏನು, ಕಲಬುರಗಿ ಮಂದಿ ಹಂತ್ಯಾಕ ಥಂಡಿ ಅರಬಿ ಎಲ್ಲಿರ್ತಾವ? ಮೇ ತಿಂಗಳದಾಗ ಕೂಲರ್ ಮುಂದ ಕುಂತು ಬೆವರ ಒರಸಿದವರು ನಾವು. ದಪ್ಪನ ಜಾಕೆಟ್ ಒಂದು ಓಣ್ಯಾಗಿನ ಮಿಲಿಟ್ರಿ ಕಾಕಾನ ಮನ್ಯಾಗ ಸಿಕ್ತು, ನನ್ ಮೊಣಕಾಲತನ ಬರ್ತಿತ್ತು. ಅವ್ವ ಕಟಕ್ ರೊಟ್ಟಿ ಅರವತ್ತು ಬಡದು, ಶೇಂಗಾ ಹಿಂಡಿ, ಅಗಸಿ ಹಿಂಡಿ ಕಟ್ಟಿ ಕಳಸಿದ್ಳು. ಮ್ಯಾಲ ಎರಡು ಕಿಲೋ ತೊಗರಿಬ್ಯಾಳಿ. ಅಲ್ಲೂ ಬ್ಯಾಳಿ ಸಿಗ್ತದ ಯವ್ವಾ ಅಂದ್ರ, "ಸಿಗ್ತದ, ನಮ್ದು ಸಿಗ್ತದೇನು?" ಅಂದ್ಳು. ಕಲಬುರಗಿ ತೊಗರಿಬ್ಯಾಳಿಗೆ 2019ರಾಗ ಜಿಐ ಟ್ಯಾಗ್, ಅಂದ್ರ ಇದು ಈ ಊರಿಂದೇ ಅನ್ನೋ ಸರಕಾರಿ ಗುರುತು, ಬಂದಾಗಿಂದ ನಮ್ಮಪ್ಪ ಅಂತೂ ಬ್ಯಾರೆ ಊರಿನ ಬ್ಯಾಳಿ ಹೆಸರೇ ಎತ್ತಗೊಡಲ್ಲ. ಶರಣಬಸಪ್ಪಗ ಕಾಯಿ ಒಡಸಿ, ಅಂಗಾರ ಹಚ್ಚಿ, ಬೆಳಗಿನ ಜಾವ ಕರ್ನಾಟಕ ಎಕ್ಸ್‌ಪ್ರೆಸ್‌ಗೆ ಹತ್ತಿಸಿದ್ರು. ಒಂದು ಹಗಲು ಒಂದು ರಾತ್ರಿ ಕುಂತ್ರ ದಿಲ್ಲಿ.

ದಿಲ್ಲಿಯಾಗ ಟೀಮ್ ಕೂಡ್ತು. ಮುಖ್ಯಸ್ಥರು ಒಬ್ಬ ಸರ್, ಅವರದು ಜೀರುಂಡಿ. ಅಕ್ಕಂದು ಕಣಜ. ಒಬ್ಬ ಹುಡುಗಂದು ನೊಣ, ಬರೇ ನೊಣ, ಬ್ಯಾರೇದು ಕೇಳಿದ್ರ ಮುಖಾನೇ ಎತ್ತತಿರ್ಲಿಲ್ಲ. ಮನಾಲಿ ಕಡಿಯಿಂದ ಹೋದ್ರ ಜಲ್ದಿ ಆಗ್ತದ ಖರೇ, ಆದ್ರ ಒಮ್ಮೆಗೇ ಎತ್ತರಕ್ಕ ಏರ್ತದ, ತಲಿ ಸಿಡೀತದ ಅಂತ ಸರ್ ಶಿಮ್ಲಾ, ಕಿನ್ನೌರ್ ಮ್ಯಾಲಿಂದ ನಿಧಾನಕ ಕರ್ಕೊಂಡು ಹೋದ್ರು. 3,000 ಮೀಟರ್ ದಾಟಿದ ಮ್ಯಾಲ ಮಲಗೋ ಜಾಗ ದಿನಕ್ಕ 500 ಮೀಟರ್‌ಗಿಂತ ಜಾಸ್ತಿ ಏರಬಾರದು ಅಂತ ನಿಯಮ ಅದ. ಕಲಬುರಗಿ ಇರೋದೇ 454 ಮೀಟರ್ ಮ್ಯಾಲ, ಅಂದ್ರ ನಮ್ ಇಡೀ ಊರಿನ ಎತ್ತರಕ್ಕಿಂತ ಒಂದೀಟ ಜಾಸ್ತಿ, ಅಷ್ಟು ದಿನಾ ಏರಬಹುದು. ನಂಗಿದು ಯಾಕೋ ಭಾಳ ನಗಿ ತರಿಸ್ತು. ನಾಕೋದಾಗ ಒಂದು ರಾತ್ರಿ, ತಾಬೋದಾಗ ಒಂದು ರಾತ್ರಿ. ತಾಬೋದ ಗೊಂಪಾ, ಅಂದ್ರ ಬೌದ್ಧರ ಮಠ, 996ರಾಗ ಕಟ್ಟಿದ್ದಂತ, ಹೊರಗಿಂದ ನೋಡಿದ್ರ ಬರೇ ಮಣ್ಣಿನ ಗ್ವಾಡಿ, ನಮ್ ಹಳ್ಯಾಗಿನ ಹಳೇ ವಾಡೆ ಇದ್ದಂಗ. ಆಮ್ಯಾಲ ಕಾಝಾ, ಅಲ್ಲಿಂದ ಮುಂದ ಲೋಸರ್. ಲೋಸರ್ ದಾಟಿ ಕುಂಝಮ್ ಘಾಟಿನ ಕಡಿ ಹೋಗೋ ದಾರ್ಯಾಗ, ಸುಮಾರು 4,200 ಮೀಟರ್ ಮ್ಯಾಲ ನಮ್ ಟೆಂಟು.

ದಾರ್ಯಾಗ ಪೇಪರ್ ತೋರಸೋದೇ ಒಂದು ಕೆಲಸ. ನಾ ತಿಳ್ಕೊಂಡಿದ್ದೆ ಹುಳ ಹಿಡಿಲಾಕ ಯಾರ ಪರ್ಮಿಷನ್ ಬೇಕು, ನಮ್ ಕಡಿ ಬೇಕಾದಾಂವ ಬೇಕಾದಷ್ಟು ಹೊಡೀಬಹುದಲ್ಲ ಅಂತ. ಹಂಗಿಲ್ರಿ. 1972ರ ವನ್ಯಜೀವಿ ಕಾಯ್ದೆ ಅದ, 2002ರ ಜೀವವೈವಿಧ್ಯ ಕಾಯ್ದೆ ಅದ, ಕಾಡಿನ ಇಲಾಖಿ ಕಾಗದದಾಗ ಯಾವ ಜಾಗ, ಯಾವ ಗುಂಪಿನ ಹುಳ ಅಂತೆಲ್ಲಾ ಬರದಿರ್ತದ. 2008ರಾಗ ಡಾರ್ಜೀಲಿಂಗ್ ಹಂತ್ಯಾಕಿನ ಸಿಂಗಲೀಲಾ ನ್ಯಾಷನಲ್ ಪಾರ್ಕ್‌ನಾಗ ಇಬ್ಬರು ಚೆಕ್ ದೇಶದವರು ಪರ್ಮಿಷನ್ ಇಲ್ಲದೇ ಹುಳ ಹಿಡದು ಅರೆಸ್ಟ್ ಆಗಿದ್ರಂತ, ಸರ್ ಆ ಕಥಿ ಜೀಪಿನ್ಯಾಗ ಮೂರು ಸಲ ಹೇಳಿದ್ರು. ಮೂರನೇ ಸಲ ನನ್ ಕಡಿ ನೋಡೇ ಹೇಳಿದ್ರು ಅಂತ ನಂಗನಸ್ತು, ಯಾಕಂದ್ರ ದಾರ್ಯಾಗ ಒಂದು ಪಾತರಗಿತ್ತಿ ಕಂಡಾಗ ಬಲಿ ಎತ್ತಕೊಂಡು ಓಡಿದಾಕಿ ನಾನು.

ಓಡೋದು ಅಂದೆನಲ್ಲ, ಹತ್ತು ಹೆಜ್ಜಿ ರೀ, ಬರೇ ಹತ್ತು ಹೆಜ್ಜಿ. ಎದಿ ಒಡದು ಹೋಗ್ತದೇನೋ ಅನಸ್ತು. ಅಷ್ಟು ಎತ್ತರದಾಗ ಗಾಳಿ ಒತ್ತಡ ಸಮುದ್ರದ ಹಂತ್ಯಾಕ ಇರೋದರ ಅರವತ್ತು ಪರ್ಸೆಂಟಿನಷ್ಟೇ. ಮೊದಲ ಎರಡು ರಾತ್ರಿ ನಿದ್ದಿ ಇಲ್ಲ, ತಲ್ಯಾಗ ಯಾರೋ ಒನಕಿಲೆ ಕುಟ್ಟಿದಂಗ. ಎತ್ತರದ ತ್ರಾಸಿಗೆ ಡೈಮಾಕ್ಸ್ ಗುಳಗಿ ಕೊಟ್ರು, ಅದರಿಂದ ಬಟ್ಟಿನ ತುದಿ ಜುಂ ಜುಂ ಅಂತಾವ, ಮ್ಯಾಲ ಒಂದಕ್ಕ ಮ್ಯಾಲಿಂದ ಮ್ಯಾಲ ಬರ್ತದ. ರಾತ್ರಿ ಎರಡಕ್ಕ ಆ ಥಂಡ್ಯಾಗ ಟೆಂಟಿನ ಝಿಪ್ ತಗದು ಹೊರಗ ಹೋಗೋದು ಐತಲ್ಲ, ಅದರ ಬಗ್ಗೆ ಯಾರೂ ಬರಿಯಲ್ಲ. ಆದ್ರ ಹಂಗ ಹೊರಗ ಬಂದಾಗಲೇ ಆಕಾಶ ನೋಡಿದ್ದು. ಅದರ ಬಗ್ಗೆ ಎಲ್ಲಾರೂ ಬರೀತಾರ, ನಾ ಬಿಡ್ತೀನಿ.

ಹುಳದ ಕೆಲಸಕ್ಕ ಬರ್ತೀನಿ. ಮುಂಜಾನಿ ಒಂಬತ್ತರತನ ಅಲ್ಲಿ ಏನೂ ಹಾರಲ್ಲ. ಬಿಸಲ ಗುಡ್ಡದ ತುದಿ ಇಳದು ಹುಲ್ಲಿಗೆ ಬಡದ ಮ್ಯಾಲ ಹತ್ತು ನಿಮಿಷಕ್ಕ ಒಮ್ಮೆಗೇ ಝೇಂಕಾರ ಶುರು. ಮಧ್ಯಾಹ್ನ ಒಂದು ದಾಟ್ತಿದ್ದಂಗ ಗಾಳಿ ಎದ್ದು ಎಲ್ಲಾ ಬಂದ್. ಅಂದ್ರ ಬಲಿಲೆ ಹಿಡಿಯೋ ಕೆಲಸ ದಿನಕ್ಕ ನಾಲ್ಕು ತಾಸು ಅಷ್ಟೇ, ಉಳದ ಹೊತ್ತು ನಮ್ ಪರವಾಗಿ ದುಡಿಯೋದು ಟ್ರ್ಯಾಪು. ಅದ್ರಾಗ ದೊಡ್ಡದು ಮಲೇಸ್ ಟ್ರ್ಯಾಪ್. ನೋಡ್ಲಾಕ ಸೊಳ್ಳಿ ಪರದೆ ಹೊಲದು ಟೆಂಟ್ ಮಾಡಿದಂಗ, ನಡುವ ಕರೀ ಜಾಳಗಿ ಗ್ವಾಡಿ, ಮ್ಯಾಲ ಬಿಳಿ ಮಾಡು, ಎತ್ತರದ ಮೂಲ್ಯಾಗ ಒಂದು ಬಾಟ್ಲಿ, ಬಾಟ್ಲ್ಯಾಗ ಸ್ಪಿರಿಟ್. ಹಾರಕೋತ ಬಂದ ಹುಳ ಗ್ವಾಡಿಗೆ ಬಡದ್ರ ಕೆಳಗ ಹೋಗಲ್ಲ, ಬೆಳಕಿನ ಕಡಿ ಮ್ಯಾಲ ಮ್ಯಾಲ ಏರ್ತದ, ಏರಿ ಏರಿ ಬಾಟ್ಲಿಗೆ ಬೀಳ್ತದ. ಸ್ವೀಡನ್ನಿನ ರೆನೆ ಮಲೇಸ್ ಅನ್ನಾಂವ 1930ರ ದಶಕದಾಗ ಬರ್ಮಾಕ್ಕ ಹುಳ ಹಿಡಿಲಾಕ ಹೋದಾಗ ಇದನ್ನ ಮಾಡ್ದಾಂವ. ತನ್ನ ಟೆಂಟಿನೊಳಗ ಬಂದ ಹುಳ ಎಲ್ಲಾ ಮಾಡಿನ ಮೂಲ್ಯಾಗೇ ಹೋಗಿ ಕೂಡ್ತಾವ ಅನ್ನೋದು ಅಂವ ನೋಡಿದ್ದ, ಹಂಗಾರ ಅಲ್ಲೇ ಒಂದು ತೂತು ಮಾಡಿ ಬಾಟ್ಲಿ ಕಟ್ಟೋಣು ಅಂತ ತಲಿ ಓಡಸಿದ. ಅಷ್ಟೇ ವಿದ್ಯಾ. ಇವತ್ತಿಗೂ ಜಗತ್ತಿನ್ಯಾಗೆಲ್ಲಾ ಅದೇ ಟೆಂಟು ಹೊಡೀತಾರ.

ಇದನ್ನ ಕೇಳಿದಾಗ ನಂಗ ನಮ್ಮನಿ ನೆನಪಾತು. ಮೊದಲ ಮಳಿ ಬಿದ್ದ ರಾತ್ರಿ ಬಲ್ಬಿಗೆ ರೆಕ್ಕಿ ಹುಳ ಮುಕರಿದಾಗ ಅವ್ವ ಎಲ್ಲಾ ಲೈಟ್ ಆರಿಸಿ ಒಂದೇ ಬಲ್ಬ್ ಇಟ್ಟು, ಅದರ ಬುಡಕ ಪರಾತದಾಗ ನೀರು ಹಾಕಿ ಇಡ್ತಾಳ. ಬೆಳಗಾಗೂದ್ರೊಳಗ ಪರಾತ ತುಂಬಿರ್ತದ. ಅದು ಲೈಟ್ ಟ್ರ್ಯಾಪ್ ಅಲ್ಲದ ಮತ್ತೇನು? ಅಲ್ಲಿ ನಾವು ಬಿಳಿ ಚಾದರ ಕಟ್ಟಿ ದೊಡ್ಡ ಲೈಟ್ ಹಚ್ಚಿ ಕುಂತ್ವಿ, ಕತ್ತಲಾದ ಮ್ಯಾಲ ಒಂದು ತಾಸು ಪತಂಗ ಬಂದ್ವು, ಆಮ್ಯಾಲ ಥಂಡಿ ಬಿದ್ದು ಅವೂ ಬಂದ್, ನಾವೂ ಬಂದ್. ಇನ್ನೊಂದು ಹಳದಿ ತಾಟು. ಹಳದಿ ಬಣ್ಣದ ಪ್ಲಾಸ್ಟಿಕ್ ತಾಟಿನ್ಯಾಗ ನೀರು ಹಾಕಿ ಪಾತ್ರಿ ತೊಳಿಯೋ ಲಿಕ್ವಿಡ್ ಒಂದು ಹನಿ ಬಿಡೋದು, ಹೂವಂತ ತಿಳದು ಬರ್ತಾವ, ಸಾಬೂನಿಂದ ನೀರಿನ ಮ್ಯಾಲಿನ ಬಿಗಿ ಹೋಗಿರ್ತದಲ್ಲ, ಕುಂತವು ತೇಲಲ್ಲ, ಮುಳಗ್ತಾವ. ನಾಲ್ಕನೇದು ಕೇಳಿ ನಂಗ ಕುಂತಲ್ಲೇ ನಗಿ ಬಂತು. ಗಿಡದ ಬುಡಕ ಬಿಳಿ ಅರಬಿ ಹಿಡದು ಟೊಂಗಿಗೆ ಕೋಲಿಲೆ ಬಡಿಯೋದು, ಬಿದ್ದ ಹುಳ ಆರಸ್ಕೊಳ್ಳೋದು, ಇದಕ್ಕ ಬೀಟಿಂಗ್ ಶೀಟ್ ಅಂತ ಹೆಸರು. ಸರ್, ಇದು ನಮ್ ಕಡಿ ಎಲ್ಲಾ ರೈತರೂ ಮಾಡ್ತಾರ್ರಿ ಅಂದೆ. ತೊಗರಿಗೆ ಕಾಯಿಕೊರಕ ಬಿದ್ದಾಗ ಸಾಲಿನ ನಡುವ ಪ್ಲಾಸ್ಟಿಕ್ ತಾಡಪಾಲ ಎಳಕೋತ ಗಿಡ ಅಲ್ಲಾಡಿಸಿ ಅಲ್ಲಾಡಿಸಿ ಹುಳ ಬೀಳಸೋದು, ಆಮ್ಯಾಲ ಬೀಳಸಿದ್ದೆಲ್ಲಾ ಒಯ್ದು ಸಾಯಸೋದು, ನಾ ಸಣ್ಣಾಕಿದ್ದಾಗ ಎಷ್ಟು ಸಲ ಆ ತಾಡಪಾಲ ಹಿಡದೀನೋ. ಸರ್ ನೋಟ್‌ಬುಕ್ ತಗದು ಬರಕೊಂಡ್ರು. ಟೀಮಿನ್ಯಾಗ ಅವತ್ತೊಂದಿನ ನನ್ ಕಿಮ್ಮತ್ತು ಏರಿತ್ತು.

ಮರುದಿನ ಇಳೀತು. ಆಸ್ಪಿರೇಟರ್ ಅಂತ ಒಂದು ಬಾಟ್ಲಿ ಇರ್ತದ, ಎರಡು ನಳಿಗಿ, ಒಂದು ಹುಳದ ಮ್ಯಾಲ ಇಟ್ಟು ಇನ್ನೊಂದು ಬಾಯಾಗ ಇಟ್ಟು ಸರ್ರಂತ ಎಳೀಬೇಕು, ಹುಳ ಬಾಟ್ಲಿಗೆ ಬೀಳ್ತದ, ಬಾಯಿಗೆ ಬರಬಾರದಂತ ನಡುವ ಜಾಳಗಿ ಇರ್ತದ. ಉಸಿರಾಡ್ಲಾಕೇ ಗಾಳಿ ಇಲ್ಲದ ಜಾಗದಾಗ ಹುಳ ಎಳಿಯೋ ಗಾಳಿ ಎಲ್ಲಿಂದ ತರಬೇಕು? ಆದ್ರೂ ಎಳದೆ. ಕಲ್ಲಿನ ಬುಡಕ ಇರೋ ಕರೀ ಜೀರುಂಡಿ ಹೆದರಿದ್ರ ಹಿಂದಿಂದ ಖಾರ ಖಾರ ವಾಸನಿ ಬಿಡ್ತಾವ. ಜಾಳಗಿ ಹುಳಕ್ಕ ತಡೀತದ, ವಾಸನಿಗೆ ತಡಿಯಲ್ಲ. ಅವತ್ತು ಸಂಜಿತನ ನನ್ ಗಂಟಲಾಗ ಏನ್ ತಿಂದ್ರೂ ಅದೇ ರುಚಿ. ನೊಣದ ಹುಡುಗ ಮೊದಲ ಸಲ ನಕ್ಕಿದ್ದು ಅವತ್ತೇ.

ಖರೇ ಹೇಳ್ಬೇಕಂದ್ರ ಆ ಎತ್ತರದಾಗಿನ ಹುಳ ಹಾರೋದ್ರಾಗ ಕಾಣಲ್ಲ, ಕಲ್ಲಿನ ಬುಡಕ ಕಾಣ್ತಾವ. ಒಂದು ಚಪ್ಪಡಿ ಕಲ್ಲು ತಿರುವಿದ್ರ ಅದರ ಬುಡಕ ಹಸಿ ಮಣ್ಣು, ಜೀರುಂಡಿ, ಇಕ್ಕಳ ಬಾಲದ ಹುಳ, ಟಣಟಣ ಜಿಗಿಯೋ ಸ್ಪ್ರಿಂಗ್‌ಟೇಲ್, ಒಂದು ಜೇಡ. ಹೊರಗ ರಾತ್ರಿ ಎಷ್ಟೇ ಕೊರೀಲಿ, ಹಗಲು ಎಷ್ಟೇ ಸುಡ್ಲಿ, ಕಲ್ಲಿನ ಬುಡಕ ಅಷ್ಟು ಏರಿಳಿತ ಇಲ್ಲ. ಭಾಳಷ್ಟು ಕಪ್ಪಗೇ ಇರ್ತಾವ, ಕಪ್ಪು ಬಣ್ಣ ಬಿಸಲು ಜಲ್ದಿ ಹೀರ್ತದ, ಮ್ಯಾಲ ಸಣ್ಣ ಮೈ, ಕೆಲವಕ್ಕ ಮೈತುಂಬ ಕೂದಲ. ಎಷ್ಟೋ ಜೀರುಂಡಿಗೆ ರೆಕ್ಕಿ ಮೊಂಡ ಆಗಿ ಹಾರಲಿಕ್ಕೇ ಬರಲ್ಲ, ಆ ಗಾಳ್ಯಾಗ ಹಾರಿದ್ರ ಮನಿಗೆ ವಾಪಸ್ ಬರೋ ಖಾತ್ರಿ ಇಲ್ಲ ನೋಡ್ರಿ. 1950ರ ದಶಕದಾಗ ಎಂ. ಎಸ್. ಮಣಿ ಅವರು ಆಗ್ರಾದಿಂದ ಹುಡುಗರನ್ನ ಕಟಗೊಂಡು ವಾಯವ್ಯ ಹಿಮಾಲಯಕ್ಕ ಬಂದು ಇದೇ ಕಲ್ಲು ತಿರುವಿ ಇದನ್ನೆಲ್ಲಾ ಬರದಿಟ್ಟಾರ. ಸರ್ ಅವರ ಹೆಸರು ತಗೊಂಡಾಗೆಲ್ಲಾ ಕಿವಿ ಮುಟ್ಕೊಂತಿದ್ರು, ಸಂಗೀತದ ಮಂದಿ ಉಸ್ತಾದರ ಹೆಸರಿಗೆ ಮುಟ್ಕೊಂತಾರಲ್ಲ ಹಂಗ. ಸರ್‌ದು ಒಂದೇ ಕಟ್ಟುನಿಟ್ಟು, ತಿರುವಿದ ಕಲ್ಲು ಇದ್ದಂಗೇ ವಾಪಸ್ ಇಡಬೇಕು. ಮರತ್ರ ನಡಕೋತ ಹಿಂದ ಕಳಸ್ತಿದ್ರು. ಎರಡು ಸಲ ಹೋಗೀನಿ.

ಬಂಬಲ್ ಬೀ ನೋಡಿದ್ದೂ ಅಲ್ಲೇ ಮೊದಲು. ನಮ್ ದಖ್ಖನ್ ಕಡಿ ಅದು ಇಲ್ಲೇ ಇಲ್ಲ, ಐದು ವರ್ಷದಿಂದ ಚಿತ್ರ ತಗದು ಪಾಠ ಹೇಳಿದ್ದು ನಾನು, ನೋಡಿದ್ದು ಈಗ. ಉಣ್ಣೆ ಉಂಡಿಗೆ ರೆಕ್ಕಿ ಹಚ್ಚಿದಂಗ. ಹಾರೋಕಿಂತ ಮೊದಲ ಎದಿ ಸ್ನಾಯು ಗಡಗಡ ನಡುಗಿಸಿ ಮೈ ಕಾಸ್ಕೊಂತದ, ಅದಕ್ಕ ಥಂಡ್ಯಾಗೂ ಉಳದವಕ್ಕಿಂತ ಮೊದಲ ಏಳ್ತದ. ಚೀನಾದ ಗುಡ್ಡದಾಗ ಹಿಡದ ಬಂಬಲ್ ಬೀನ ಡಬ್ಬ್ಯಾಗ ಇಟ್ಟು ಗಾಳಿ ತೆಳು ಮಾಡಕೋತ ಹೋದ್ರ ಕೆಲವು ಎವರೆಸ್ಟಿಗಿಂತ ಎತ್ತರದ ಗಾಳ್ಯಾಗೂ ಹಾರಿದ್ವಂತ, ಇದು ಅಕ್ಕ ಹೇಳಿದ್ದು. ನಾ ಹತ್ತು ಹೆಜ್ಜಿಗೆ ಕುಂತಾಕಿ ಸುಮ್ನೆ ಕೇಳಿದೆ. ಇನ್ನ ಅಪೋಲೋ ಪಾತರಗಿತ್ತಿ, ಮಾಸಿದ ಬಿಳಿ ರೆಕ್ಕಿ ಮ್ಯಾಲ ಕುಂಕುಮದ ಬೊಟ್ಟು ಇಟ್ಟಂಗ ಕೆಂಪು ಚುಕ್ಕಿ. ಮೋಡ ಬಂದು ಬಿಸಲು ಹೋದ ಕೂಡ್ಲೇ ತಟ್ಟನೆ ಕಲ್ಲಿನ ಮ್ಯಾಲ ಕುಂತು ರೆಕ್ಕಿ ಹರಡ್ತದ, ಬಿಸಲು ಬಂತು ಅಂದ್ರ ಎದ್ದು ಹೋಗ್ತದ. ಆ ಗುಂಪಿನ ಕೆಲವು ಜಾತಿ ಕಾಯ್ದೆಯಾಗ ರಕ್ಷಿತ, ನಮ್ ಕಾಗದದಾಗೂ ಇರ್ಲಿಲ್ಲ, ಹಂಗಾಗಿ ಬರೇ ಫೋಟೋ.

ಒಂದಿನ ಕುಂಝಮ್ ಕಡಿ ಏರಿದ್ವಿ, 4,500 ಮೀಟರ್ ದಾಟಿ, ಅಲ್ಲಿ ಜುಲೈದಾಗೂ ತಟಕ ತಟಕ ಹಿಮ ಉಳದಿತ್ತು. ಸರ್ ಹೇಳಿದ್ರು, ಹಿಮದ ಮ್ಯಾಲ ನೋಡ್ರಿ ಅಂತ. ಬಗ್ಗಿ ನೋಡಿದ್ರ ಎಳ್ಳು ಚೆಲ್ಲಿದಂಗ ಹುಳ, ಸಣ್ಣ ಗಿಡದ ಹೇನು, ನೊಣ, ರೆಕ್ಕಿ ಹುಳ, ಎಲ್ಲಾ ಥಂಡಿಗೆ ಸೆಟದು ಬಿದ್ದಾವ. ಕೆಳಗಿನ ಬಯಲಿನವು ಅವು, ಬಿಸಿ ಗಾಳಿ ಎತ್ತಕೊಂಡು ಬಂದು ಇಲ್ಲಿ ಒಗೀತದ, ಅದನ್ನ ತಿಂದು ಬದಕೋ ಜೀರುಂಡಿ, ಜೇಡ, ಹಕ್ಕಿ ಇಲ್ಲಿ ಬ್ಯಾರೇನೇ ಅವ. ನಾ ಭಾಳ ಹೊತ್ತು ಅಲ್ಲೇ ಕುಂತೆ. ಉಳದವರು ಏನೇನೋ ಹಿಡಿಲಾಕತ್ತಿದ್ರು.

ಸಾಯಸೋದರ ಬಗ್ಗೆ ಹೇಳ್ದೇ ಹೋದ್ರ ಸುಳ್ಳು ಬರದಂಗ. ಬಲಿಗೆ ಬಿದ್ದ ಹುಳಾನ ಕಿಲ್ಲಿಂಗ್ ಜಾರ್‌ನಾಗ ಹಾಕ್ತಾರ, ಬುಡಕ ಪ್ಲಾಸ್ಟರ್, ಅದಕ್ಕ ಈಥೈಲ್ ಅಸಿಟೇಟ್ ಹನಿ, ನೇಲ್ ಪಾಲಿಶ್ ತಗಿಯೋ ಲಿಕ್ವಿಡ್ ವಾಸನಿ. ಒಂದೆರಡು ನಿಮಿಷ ಕಾಲು ಬಡಕೊಂಡು ಸುಮ್ನಾಗ್ತದ. ಮೊದಲ ದಿನ ನಂಗ ಊಟ ಸೇರ್ಲಿಲ್ಲ. ಇದು ಎಂಥಾ ನಾಟಕ ಅಂತ ನಂಗೇ ಅನಸ್ತು, ಯಾಕಂದ್ರ ನಮ್ ಹೊಲದಾಗ ಹದಿನಾರು ಲೀಟರ್ ಪಂಪು ಬೆನ್ನಿಗೆ ಹಾಕ್ಕೊಂಡು ಕಾಕಾ ಎಣ್ಣಿ ಹೊಡೀವಾಗ ನೀರು ತಂದು ಕೊಟ್ಟಾಕಿ ನಾನೇ, ಅವತ್ತು ಎಷ್ಟು ಸತ್ತ್ವು ಯಾರ್ ಎಣಿಸ್ಯಾರ. ಸರ್‌ಗ ಕೇಳಿದೆ, ಬಾಟ್ಲ್ಯಾಗ ನಮಗ ಬ್ಯಾಡಾದವೂ ಸಾಯ್ತಾವಲ್ಲ ಸರ್ ಅಂತ. ಹೈವೇ ಮ್ಯಾಲ ಒಂದು ರಾತ್ರಿ ಲಾರಿ ಗಾಜಿಗೆ ಬಡದು ಸಾಯೋದು ಇದಕ್ಕಿಂತ ಜಾಸ್ತಿ ಅಂದ್ರು. ಲೆಕ್ಕ ಖರೇ ಇರಬಹುದು. ಆದ್ರ ಬಾಟ್ಲಿ ನನ್ ಕೈಯಾಗಿತ್ತಲ್ಲ.

ನಡುವ ಬ್ಯಾಳಿ ಕಥಿ. ಐದನೇ ದಿನ ನಾ ಎಲ್ಲಾರಿಗೂ ಕಲಬುರಗಿ ಬ್ಯಾಳಿ ತಿನಸ್ತೀನಂತ ಜಂಭ ಕೊಚ್ಚಿಕೊಂಡು, ಇದ್ದ ಒಂದು ಕುಕ್ಕರಿನ್ಯಾಗ ಅನ್ನ ಇಟ್ಟಿದ್ರು ಅಂತ, ಬ್ಯಾಳಿ ಬೋಗಾಣ್ಯಾಗ ಇಟ್ಟೆ. ಒಂದು ತಾಸು ಆತು. ಎರಡು ತಾಸು ಆತು. ನೀರು ಕೊತಕೊತ ಕುದೀಲಾಕತ್ತದ, ಬ್ಯಾಳಿ ಹಲ್ಲಿಗೆ ಕಟಕಟ ಅಂತದ. ಆ ಎತ್ತರದಾಗ ನೀರು 86 ಡಿಗ್ರಿ ಸುಮಾರಿಗೇ ಕುದ್ದು ಬಿಡ್ತದ, ಎಷ್ಟು ಉರಿ ಹಚ್ಚಿದ್ರೂ ಅದಕ್ಕಿಂತ ಮ್ಯಾಲ ಏರಲ್ಲ. ಇದನ್ನ ನಾನೇ ಹುಡುಗರಿಗೆ ಪ್ರಶ್ನೆ ಕೇಳ್ತಿದ್ದೆ ಬ್ಯಾರೆ. ಡ್ರೈವರ್ ಭೈಯಾ ಸ್ಪಿತಿಯಾಂವೇ, ನಗಲಿಲ್ಲ ಪಾಪ, ಸುಮ್ನೆ ಕುಕ್ಕರ್ ಖಾಲಿ ಮಾಡಿ ತಂದು ಮುಂದ ಇಟ್ಟ. ಕಟಕ್ ರೊಟ್ಟಿ ಮಾತ್ರ ಅಲ್ಲಿಯ ಒಣ ಗಾಳಿಗೆ ಇನ್ನೂ ಕಟಕ್ ಆಗಿ, ಹಿಂಡಿ ಜೋಡಿ ನಾಲ್ಕು ದಿನದಾಗ ಖಲಾಸ್.

ಈಗ ನನ್ ಮುತ್ತಿನಂಥ ಅಕ್ಷರ. ಪ್ರತಿ ಬಾಟ್ಲಿ ಒಳಗ ಒಂದು ಸಣ್ಣ ಚೀಟಿ ಹಾಕಬೇಕು, ಜಾಗ, ಎತ್ತರ, ತಾರೀಖು, ಯಾವ ಟ್ರ್ಯಾಪು, ಯಾರು ಹಿಡದ್ರು. ಹೊರಗ ಹಚ್ಚಿದ್ರ ಅಳಸ್ತದ, ಬೀಳ್ತದ, ಅದಕ್ಕ ಒಳಗೇ, ಹುಳದ ಜೋಡಿ ಸ್ಪಿರಿಟಿನ್ಯಾಗೇ. ಪೆನ್ಸಿಲಿಂದೇ ಬರಿ ಅಂತ ಅಕ್ಕ ಮೊದಲ ದಿನಾನೇ ಹೇಳಿದ್ಳು, ಯಾಕ ಅಂತ ನಾ ಕೇಳ್ಲಿಲ್ಲ. ಎರಡು ದಿನ ಬರದೆ. ಥಂಡಿಗೆ ಬಟ್ಟು ಮರಗಟ್ಟಿ ಪೆನ್ಸಿಲ್ ಮುಳ್ಳು ಟಕ್ ಟಕ್ ಮುರೀಲಾಕತ್ತು, ಅಕ್ಷರ ಕೋಳಿ ಕೆದರಿದಂಗ ಬರ್ಲಾಕತ್ವು, ನಂಗ ತಡೀಲಿಲ್ಲ. ಬ್ಯಾಗಿನ್ಯಾಗ ಪೇಪರ್ ತಿದ್ದೋ ನೀಲಿ ಪೆನ್ ಇತ್ತು, ಅದರಿಂದ ಚಂದ ಮಾಡಿ ಹದಿನಾಲ್ಕು ಚೀಟಿ ಬರದು ಹಾಕಿದೆ. ಮೂರು ದಿನ ಆದ ಮ್ಯಾಲ ಸರ್ ಒಂದು ಬಾಟ್ಲಿ ಎತ್ತಿ ಬೆಳಕಿಗೆ ಹಿಡದ್ರು. ಸ್ಪಿರಿಟ್ ತೆಳು ನೀಲಿ. ಚೀಟಿ ಬೆಳ್ಳಗ, ಹಾಲಿನಂಗ. ಎರಡನೇದು ಎತ್ತಿದ್ರು, ಅದೂ. ಹದಿನಾಲ್ಕೂ.

ಸರ್ ಬೈದಿದ್ರ ಚಲೋ ಇತ್ತು. ಕುಂತು, ಚಾಳೀಸ ತಗದು ಒರಸಿ, ನೋಟ್‌ಬುಕ್ ತರ್ರಿ ಅಂದ್ರು. ನೋಟ್‌ಬುಕ್ಕಿನ್ಯಾಗ ಯಾವ ದಿನ ಎಷ್ಟು ಬಾಟ್ಲಿ ಅಂತ ಇತ್ತು, ಹಳದಿ ತಾಟಿನವು ಯಾವ್ವು ಅಂತ ಬಾಟ್ಲಿ ಸೈಜಿಂದ ಗೊತ್ತಾತು, ಹಂಗ ಹಿಂಗ ಮಾಡಿ ಐದು ಹೊಂದಿದ್ವು. ಒಂಬತ್ತು ಹೊಂದಲಿಲ್ಲ. ಎರಡು ಮಲೇಸ್ ಟ್ರ್ಯಾಪು, ಒಂದು ನದಿ ಹಂತ್ಯಾಕ, ಒಂದು ಮುನ್ನೂರು ಮೀಟರ್ ಮ್ಯಾಲ, ಯಾವುದು ಯಾವ್ದು? ಗೊತ್ತಿಲ್ಲ. ಅಂದಾಜಿನ ಮ್ಯಾಲ ಬರೀಬಹುದಲ್ಲ ಸರ್ ಅಂತ ನೊಣದ ಹುಡುಗ ಅಂದ, ನನ್ ಮ್ಯಾಲ ಕನಿಕರ ಬಂದು ಅಂದಿರಬೇಕು. ಸರ್ ತಲಿ ಅಲ್ಲಾಡಿಸಿದ್ರು. ತಪ್ಪು ಚೀಟಿ ಇರೋ ಹುಳಕ್ಕಿಂತ ಚೀಟಿ ಇಲ್ಲದ ಹುಳ ವಾಸಿ, ಅದು ಯಾರಿಗೂ ಮೋಸ ಮಾಡಲ್ಲ ಅಂದ್ರು. ಒಂಬತ್ತೂ ಒಂದು ಚೀಲಕ್ಕ ಹಾಕಿ ಪೆನ್ಸಿಲ್‌ಲೆ ಜಾಗ ಖಾತ್ರಿ ಇಲ್ಲ ಅಂತ ಬರದ್ರು. ಅವನ್ನ ಹುಡುಗರಿಗೆ ಕಲಸ್ಲಾಕ ಇಡ್ತಾರಂತ. ನಮ್ ಊರ ಕಡಿ ರೈಲ್ವೆ ಹಳಿ ಮ್ಯಾಲ ಯಾರಾದ್ರೂ ಸಿಕ್ರ ಪೇಪರಿನ್ಯಾಗ ಅಪರಿಚಿತ ಶವ ಅಂತ ಹಾಕ್ತಾರಲ್ಲ, ಹಂಗ ಒಂಬತ್ತು ಬಾಟ್ಲಿ. ಒಂದೊಂದರಾಗೂ ನೂರಾರು. ರಾತ್ರಿ ಟೆಂಟಿನ್ಯಾಗ ಅಕ್ಕ ಹೇಳಿದ್ಳು, ಆಕಿನೂ ಎಂಎಸ್ಸಿಯಾಗ ಇದೇ ಮಾಡಿದ್ಳಂತ, ಮಾರ್ಕರ್ ಪೆನ್ನಿಲೆ. ಅದನ್ನ ಮೊದಲೇ ಹೇಳಿದ್ರ ಏನಾಗ್ತಿತ್ತಕ್ಕ?

ವಾಪಸ್ ಬಂದ ಮ್ಯಾಲ ಲ್ಯಾಬಿನ್ಯಾಗ ಎರಡು ದಿನ ಸಾರ್ಟಿಂಗ್‌ಗೆ ನಿಂತೆ. ಗುಡ್ಡ ಏರೋದು ಯಾತ್ರಾ ಅನಕೊಂಡಿದ್ದೆ, ಖರೇ ಯಾತ್ರಾ ಮೈಕ್ರೋಸ್ಕೋಪಿನ ಮುಂದ ಶುರು ಆಗ್ತದ. ಒಂದು ಮಲೇಸ್ ಬಾಟ್ಲಿ ತಾಟಿಗೆ ಸುರುವಿ, ನೊಣ ಒಂದು ಕಡಿ, ಕಣಜ ಒಂದು ಕಡಿ, ಜೀರುಂಡಿ ಒಂದು ಕಡಿ, ಅರ್ಧಕ್ಕಿಂತ ಜಾಸ್ತಿ ನೊಣಾನೇ. ನಾ ಎರಡು ದಿನದಾಗ ಎರಡು ಬಾಟ್ಲಿ ಮುಗಿಸಿದೆ, ಬೆನ್ನು ಹೋತು. ಜೀರುಂಡಿಗೆ ಪಿನ್ ಚುಚ್ಚೋದು ಬಲಗಡಿ ರೆಕ್ಕಿ ಚಿಪ್ಪಿನ ಮ್ಯಾಲೇ, ನಡುವ ಅಲ್ಲ, ನಡುವ ಚುಚ್ಚಿದ್ರ ಮಧ್ಯದ ಗುರುತು ಹೋಗ್ತಾವಂತ ಒಂದು ಬದಿ ಬಿಡೋದು. ಇಷ್ಟೆಲ್ಲಾ ಆಗಿ ಹೊಸಾದು ಅಂತ ಹೆಸರು ಯಾವಾಗ ಬರ್ತದ ಸರ್ ಅಂತ ಕೇಳಿದ್ರ, ಹಿಡದ ದಿನದಿಂದ ಹೊಸ ಜಾತಿ ಅಂತ ಹೆಸರು ಕೊಡೋತನ ಸರಾಸರಿ 21 ವರ್ಷ ಅಂತ 2012ರಾಗ ಒಂದು ಅಧ್ಯಯನ ಲೆಕ್ಕ ಹಾಕ್ಯದ ಅಂದ್ರು. ಹುಳ ನೋಡಿ ಹೆಸರು ಹೇಳೋ ಮಂದೀನೇ ಕಮ್ಮಿ, ಡಬ್ಬಿ ತುಂಬಿ ತುಂಬಿ ಕಪಾಟಿನ್ಯಾಗ ಕಾಯ್ತಾವ. 1924ರ ಎವರೆಸ್ಟ್ ತಂಡದ ಡಾಕ್ಟರ್ ಹಿಂಗ್ಸ್ಟನ್ ಸುಮಾರು 6,700 ಮೀಟರ್ ಎತ್ತರದಾಗ ಜಿಗಿಯೋ ಜೇಡ ಹಿಡದಿದ್ದ, ಅದಕ್ಕ ಹೆಸರು ಸಿಕ್ಕಿದ್ದು 1975ರಾಗ. ಐವತ್ತೊಂದು ವರ್ಷ. ಆದ್ರ ಸಿಕ್ತು, ಯಾಕಂದ್ರ ಅಂವನ ಚೀಟಿ ಸರಿ ಇತ್ತು. ಇದನ್ನ ಸರ್ ಹೇಳ್ಲಿಲ್ಲ, ನನ್ ಮನಸ್ಸಿಗೆ ನಾನೇ ಹೇಳ್ಕೊಂಡೆ.

ದೀಪಾವಳಿ ಆದ ಮ್ಯಾಲ ಊರಿಗೆ ಹೋಗಿದ್ದೆ. ತೊಗರಿ ಹೂವು ಕಾಯಿ ಎರಡೂ ಇತ್ತು, ಕಾಯಿಕೊರಕ ಬಿದ್ದಿತ್ತು. ಕಾಕಾ ಎಣ್ಣಿ ಹೊಡೆಯೋ ತಯಾರಿಯಾಗಿದ್ದ, ಅವ್ವ ರೊಕ್ಕ ಯಾಕ ಸುರೀತಿ ಮೊದಲ ಒಂದು ಕೈ ಅಲ್ಲಾಡಸೋಣ ಅಂದ್ಳು, ತಾಡಪಾಲದ ಒಂದು ತುದಿ ನನ್ ಕೈಗೆ ಬಂತು. ಎರಡು ಸಾಲು ಮುಗಿಯೋದ್ರೊಳಗ ಹಸಿರು, ಕಂದು ಹುಳ ರಾಶಿ. ಅದ್ರಾಗ ಒಂದು ಎಲಿ ಬಿದ್ದಿತ್ತು, ಎಲಿ ಮ್ಯಾಲ ಅಕ್ಕಿ ಕಾಳಿನಷ್ಟು ಬಿಳಿ ಗೂಡು, ಪಕ್ಕದಾಗ ಒಣಗಿದ ಸಣ್ಣ ಹುಳದ ಚರ್ಮ. ಮೊದಲಾಗಿದ್ರ ಕಾಣ್ತಿರ್ಲಿಲ್ಲ ನಂಗ. ಇದು ಅಕ್ಕನ ಪೈಕಿ. ಕಾಯಿಕೊರಕದ ಮರಿಯೊಳಗ ಬೆಳದು, ಅದನ್ನ ಮುಗಿಸಿ, ಹೊರಗ ಬಂದು ಗೂಡು ಕಟ್ಟಿದ ಕಣಜ. ಕಾಕಾಗ ತೋರಸಿದೆ, ನಿನ್ ಹುಳಾನ ಇದು ಕೊಂದದ ನೋಡು, ಪುಕ್ಕಟೆ. ಕಾಕಾ ಕಣ್ಣು ಕಿರಿದು ಮಾಡಿ ನೋಡಿ, "ಹೌದೇನು, ಇದರ ಹೆಸರೇನು?" ಅಂದ. ನಂಗ ಗೊತ್ತಿರ್ಲಿಲ್ಲ. "ಹಿಮಾಲಯತನ ಹೋಗಿ ಬಂದಿ" ಅಂದು ಪಂಪು ಕೆಳಗಿಟ್ಟು ಬೀಡಿ ಹಚ್ಚಿದ.

ಅವ್ವನ ಗುಳಗಿ ಡಬ್ಬಿ ಖಾಲಿ ಮಾಡಿ ಎಲಿ ಸಮೇತ ಅದ್ರಾಗ ಇಟ್ಟು, ಚೀಟಿ ಬರದು ಹಾಕಿ, ಊರು, ತೊಗರಿ ಹೊಲ, ತಾರೀಖು, ಯಾರು ಹಿಡದ್ರು ಅನ್ನೋ ಕಡಿ ಅವ್ವನ ಹೆಸರೂ ಸೇರಿಸಿ, ಫೋಟೋ ತಗದು ಅಕ್ಕಗ ಕಳಸಿದೆ. ಹೆಸರೇನಕ್ಕ ಇದರದು ಅಂತ ಕೇಳಿದ್ದೆ. ರಾತ್ರಿ ಹತ್ತಕ್ಕ ರಿಪ್ಲೈ ಬಂತು.

"ಗೂಡಿನಿಂದ ಹೊರಗ ಬರ್ಲಿ, ಆಮ್ಯಾಲ ಹೇಳ್ತೀನಿ. ಪೆನ್ಸಿಲಿಂದೇ ಬರದೀ ಹೌದಿಲ್ಲೋ?"